ನಾಲ್ಕು ಕಾಲು ಎಷ್ಟು?

ನಾನು ನಿಂತಿದ್ದದ್ದು ಸಿರುಗುಪ್ಪದ ಬೋರ್ಡ್ ಶಾಲೆಯಲ್ಲಿ, ಎರಡನೇ ತರಗತಿಗೂ ಮೂರನೇ ತರಗತಿಗೂ ನಡುವೆ ಇದ್ದ ಮೋಟುಗೋಡೆಯ ಪಕ್ಕದಲ್ಲಿ, ಮೂರನೇ ತರಗತಿಯ ಕಡೆಗೆ. ಗೋಡೆ ನನ್ನ ಎದೆಯವರೆಗೆ ಬರುತ್ತಿತ್ತು. ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಶಿವರಾತ್ರಿಗೆ ಒಂದು ವಾರ ಇತ್ತು. ಹೊತ್ತು ಸಾಯಂಕಾಲ, ಕೊನೆಯ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ. ತನಿಖೆಗೆ ಬಂದಿದ್ದ ಇನ್ಸ್‌ಪೆಕ್ಟರು ಆಗಷ್ಟೇ ಹೊರಟುಹೋಗಿದ್ದರು. ಅಲ್ಲಿಂದ ನಾನು ಕಂಡದ್ದು ಇಷ್ಟು: ಐವತ್ತರ ಹತ್ತಿರದ ಒಬ್ಬ ಮೇಷ್ಟ್ರು, ಕೋಟು ತೊಟ್ಟು ರುಮಾಲು ಸುತ್ತಿದವರು, ತಮ್ಮ ತರಗತಿಯ ಸಣ್ಣ ಮಕ್ಕಳ ಎದುರು ತಮ್ಮ ಎರಡೂ ಕಿವಿಗಳನ್ನು ತಾವೇ ಹಿಡಿದುಕೊಂಡು ನಿಂತಿದ್ದರು. ಮಕ್ಕಳು ಯಾರೂ ನಗಲಿಲ್ಲ.

ಆ ಮೇಷ್ಟ್ರು ಹೋದ ವಾರ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಇದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಕ್ಕಳಿಗೂ ಮಕ್ಕಳ ತಂದೆತಾಯಿಗಳಿಗೂ ಅವರು 'ಅಯ್ಯೋರು', ಜೊತೆಯ ಮೇಷ್ಟ್ರುಗಳಿಗೆ 'ದೊಡ್ಡ ಮೇಷ್ಟ್ರು'. ಹೆಡ್‌ಮೇಷ್ಟ್ರು ಬೇರೆಯವರಿದ್ದರು, ದೊಡ್ಡ ಮೇಷ್ಟ್ರು ಅನ್ನುವುದು ಅವರ ವಯಸ್ಸಿಗೆ ಕೊಟ್ಟ ಮರ್ಯಾದೆ.

ನಾನು ಬಳ್ಳಾರಿಯಲ್ಲಿ ಟ್ರೈನಿಂಗು ಮುಗಿಸಿ ನೇರವಾಗಿ ಅಲ್ಲಿಗೆ ಬಂದವನು. ಬಂದ ದಿನವೇ ಅವರು ನನಗೆ 'ಸಣ್ಣ ಮೇಷ್ಟ್ರು' ಎಂದು ಹೆಸರಿಟ್ಟರು. ನಾಲ್ಕು ವರ್ಷ ನಮ್ಮಿಬ್ಬರ ನಡುವೆ ಆ ಮೋಟುಗೋಡೆ ಒಂದೇ ಇದ್ದದ್ದು. ಅವರ ಪಾಠ ನನಗೆ, ನನ್ನ ಪಾಠ ಅವರಿಗೆ ಕೇಳಿಸುತ್ತಲೇ ಇರುತ್ತಿತ್ತು. ನಾನು ಮಕ್ಕಳ ಮೇಲೆ ದನಿ ಏರಿಸಿದರೆ ಗೋಡೆಯಾಚೆ ಅವರ ಕೋಟಿನ ಜೇಬು ಸದ್ದು ಮಾಡುತ್ತಿತ್ತು. ಲೆಕ್ಕ ಕಲಿಸಲು ಅದರ ತುಂಬ ಹುಣಸೆಬೀಜ ಇಟ್ಟುಕೊಂಡಿರುತ್ತಿದ್ದರು. ಅದನ್ನು ಮೆಲ್ಲಗೆ ಕುಲುಕಿದರೆ ನನಗೆ ಸೂಚನೆ.

ಅವರು ಹೆಚ್ಚು ಹೊತ್ತು ನಿಲ್ಲಲಾರರು. ಚಿಕ್ಕಂದಿನಲ್ಲಿ ಎಡಗಾಲಿಗೆ ನಾರುಹುಣ್ಣು ಆಗಿ, ಹುಳವನ್ನು ಎಳೆಯುವಾಗ ಅದು ಒಳಗೇ ಹರಿದು, ಮೊಣಕಾಲು ಬಿಗಿದುಹೋಗಿತ್ತಂತೆ. ನಮ್ಮ ಕಡೆ ಕೆರೆ ಬಾವಿಯ ನೀರು ಕುಡಿದು ಬೆಳೆದವರಲ್ಲಿ ಅಂಥ ಕಾಲು ಬೇಕಾದಷ್ಟು ಮಂದಿಗೆ ಇತ್ತು. ಕುಳಿತೇ ಪಾಠ ಹೇಳುತ್ತಿದ್ದರು. ಕುರ್ಚಿಯಿಂದ ಏಳುವಾಗ ಮೊದಲು ಮೇಜನ್ನು ಹಿಡಿದು, ಆಮೇಲೆ ಆ ಕಾಲನ್ನು ಕೈಯಿಂದ ಒಂದು ಸಾಮಾನಿನ ಹಾಗೆ ಸರಿಸಿಕೊಂಡು ಏಳುತ್ತಿದ್ದರು.

ಆ ಕುರ್ಚಿಯ ಮಾತೇ ಒಂದು ಇದೆ. ಎಲ್ಲ ಶಾಲೆಗಳಲ್ಲೂ ಇದ್ದ ಹಾಗೆ ನಮ್ಮಲ್ಲೂ ಒಂದು 'ಹಿಂದಿನ ಚಾಪೆ' ಇತ್ತು. ಓದು ಹತ್ತದ ಮಕ್ಕಳು ಅಲ್ಲಿ ಕೂಡಬೇಕು. ಒಮ್ಮೆ ಆ ಚಾಪೆಗೆ ಹೋದ ಮಗು ಮುಂದೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಈ ಮೇಷ್ಟ್ರು ಚಾಪೆಯನ್ನು ತೆಗೆಸಲಿಲ್ಲ, ಆ ಬಗ್ಗೆ ಯಾರೊಡನೆಯೂ ವಾದ ಮಾಡಲಿಲ್ಲ. ಇದ್ದಿಲ ಪುಡಿಗೆ ಸೊಪ್ಪಿನ ರಸ ಕಲಸಿ ಹಿಂದಿನ ಗೋಡೆಗೂ ಕಪ್ಪು ಬಳಿಸಿದರು, ಅಷ್ಟೆ. ಮಧ್ಯಾಹ್ನದ ಊಟ ಮುಗಿಸಿ ಮಕ್ಕಳು ಬಂದು ಕೂತ ಮೇಲೆ ಕುರ್ಚಿ ಮೇಜನ್ನು ಆ ಗೋಡೆಯ ಹತ್ತಿರ ಒಯ್ಯಿಸಿ, "ತಿರುಗ್ರಲೇ" ಅನ್ನುತ್ತಿದ್ದರು. ಮಕ್ಕಳೆಲ್ಲ ಕೂತಲ್ಲೇ ಗಿರಕ್ಕನೆ ತಿರುಗುತ್ತಿದ್ದರು. ಬೆಳಗಿನ ಹಿಂದಿನ ಚಾಪೆ ಮಧ್ಯಾಹ್ನಕ್ಕೆ ಮುಂದಿನ ಚಾಪೆ. ಐದನೇ ತರಗತಿಯ ಮೇಷ್ಟ್ರಿಗೆ ಇದು ದೊಡ್ಡ ತಮಾಷೆ. "ದೊಡ್ಡ ಮೇಷ್ಟ್ರ ಹುಡುಗರಿಗೆ ದಿಕ್ಕು ಮಾತ್ರ ಕೇಳಬ್ಯಾಡ್ರಿ, ಬೆಳಿಗ್ಗೆ ಒಂದು ಹೇಳ್ತಾರ, ಮಧ್ಯಾಹ್ನ ಒಂದು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಇವರೂ ನಕ್ಕರು. ತಿರುಗಿಸುವುದನ್ನು ಬಿಡಲಿಲ್ಲ.

ಮಗು ತಪ್ಪು ಹೇಳಿದರೆ ಅವರು ಕೇಳುತ್ತಿದ್ದ ಮಾತು ಯಾವಾಗಲೂ ಒಂದೇ: "ಈ ತಪ್ಪಿನ ಮನಿ ಎಲ್ಲೈತಿ?" ಎಲ್ಲಿಂದ ಬಂತು ಇದು, ಹುಡುಕು ಎಂದು. ಒಬ್ಬ ಹುಡುಗ ಕನ್ನಡದ ಅಕ್ಷರಗಳಿಗೆಲ್ಲ ತಲೆಕಟ್ಟನ್ನು ಮೇಲಕ್ಕೆ ಚಿಮ್ಮಿಸಿ ಬರೆಯುತ್ತಿದ್ದ. ಎಷ್ಟು ತಿದ್ದಿದರೂ ಅದೇ. ಮೇಷ್ಟ್ರು ಅವನ ಮನೆಗೆ ಹೋಗಿ ನೋಡಿದರೆ ಅಣ್ಣ ತೆಲುಗು ಶಾಲೆಯಲ್ಲಿ ಓದುತ್ತಿದ್ದಾನೆ, ಸಂಜೆ ತಮ್ಮನ ಕೈ ಹಿಡಿದು ತಿದ್ದಿಸುತ್ತಿದ್ದಾನೆ. ಬೇರೆಯವರಾಗಿದ್ದರೆ ಅಣ್ಣನಿಗೆ ಕಲಿಸಬೇಡ ಅನ್ನುತ್ತಿದ್ದರು. ಇವರು, ಕಲಿಸು, ತೆಲುಗಿನ ತಲೆಕಟ್ಟು ತೆಲುಗಿಗೆ ಹಾಕಲಿ, ಕನ್ನಡದ್ದು ಕನ್ನಡಕ್ಕೆ, ಎರಡಕ್ಕೂ ತಲೆ ಬೇಕಲ್ಲ, ಎಂದು ಹೇಳಿ ಅವರ ಮನೆಯ ಮಜ್ಜಿಗೆ ಕುಡಿದು ಬಂದರು.

ಅವರ ತರಗತಿಯಲ್ಲಿ ಇದ್ದದ್ದು ಒಂದೇ ಶಿಕ್ಷೆ, ಒಂದೇ ತಪ್ಪಿಗೆ. ಗೊತ್ತಿಲ್ಲ ಅಂದವರಿಗೆ ಏನೂ ಇಲ್ಲ. ತಪ್ಪು ಹೇಳಿದವರಿಗೂ ಏನೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸಿಕೊಂಡವರು ಮಾತ್ರ ಎರಡೂ ಕಿವಿ ಹಿಡಿದು ಗಂಟೆ ಹೊಡೆಯುವವರೆಗೆ ನಿಲ್ಲಬೇಕು. ಪದ್ಯವನ್ನು ಬಾಯಿಪಾಠ ಮಾಡಿ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಗಡಗಡ ಓದಿದ ಹುಸೇನ್‌ಪೀರ ಎಂಬ ಹುಡುಗ ಒಮ್ಮೆ ಹಾಗೆ ನಿಂತಿದ್ದ. ಅದು ಗೋಡೆಯೀಚೆ ನನಗೂ ಕಾಣಿಸಿತ್ತು.

ಹಿಂದಿನ ಚಾಪೆಯಲ್ಲಿ ಸುಂಕಮ್ಮ ಎಂಬ ಹುಡುಗಿ ಇದ್ದಳು. ಆದೋನಿ ಕಡೆಯಿಂದ ಬಂದು ಸಿರುಗುಪ್ಪದಲ್ಲಿ ನೆಲೆಸಿ ಹಾಲು ಮಾರುತ್ತಿದ್ದವರ ಮಗಳು. ಮನೆಯಲ್ಲಿ ತೆಲುಗು ಬಿಟ್ಟು ಬೇರೆ ಮಾತಿಲ್ಲ. ಅವಳು ನೇರವಾಗಿ ಎರಡನೇ ತರಗತಿಗೆ ಬಂದು ಸೇರಿದ ಮೊದಲ ದಿನದ ಕಥೆಯನ್ನು ಮೇಷ್ಟ್ರೇ ನನಗೆ ಹೇಳಿದ್ದರು. ಹೊಸ ಮಕ್ಕಳನ್ನು ಅವರು ಮೊದಲ ದಿನ ದೊಡ್ಡವರನ್ನು ಕರೆಯುವಂತೆ ಕರೆಯುತ್ತಿದ್ದರು: "ಬರ್ರಿ, ಬರ್ರಿ, ಒಳಗ ಬರ್ರಿ." ಉಳಿದವರೆಲ್ಲ ಒಳಗೆ ಬಂದರೆ ಈ ಹುಡುಗಿ ತಿರುಗಿ ಬೀದಿಗೆ ಓಡಿದಳಂತೆ. ಅವಳ ಮನೆಯ ಮಾತಿನಲ್ಲಿ ಬರ್ರೆ ಅಂದರೆ ಎಮ್ಮೆ. ಮೇಷ್ಟ್ರು ಎಮ್ಮೆ, ಎಮ್ಮೆ, ಒಳಗೆ ಎಮ್ಮೆ ಎಂದು ಕೂಗುತ್ತಿದ್ದಾರೆ, ತಮ್ಮದೇ ಎಮ್ಮೆ ಹಗ್ಗ ಕಿತ್ತುಕೊಂಡು ಬಂದಿರಬೇಕು ಎಂದುಕೊಂಡಿದ್ದಳು. "ಆಕಿ ಓಡಿದ್ದು ಸರಿ ಐತಿ" ಎಂದು ಮೇಷ್ಟ್ರು ಆ ಕಥೆಯನ್ನು ಮುಗಿಸುತ್ತಿದ್ದರು. "ಎಮ್ಮಿ ಬಂತಂದ್ರ ಯಾರಾದ್ರೂ ಓಡಬೇಕಲ್ಲ."

ಆ ಕಥೆ ನಗುವುದಕ್ಕೆ ಚೆನ್ನಾಗಿತ್ತು. ಆದರೆ ಸುಂಕಮ್ಮ ಎರಡನೇ ತರಗತಿಯಲ್ಲಿ ಎರಡು ಸಲ ಉಳಿದಳು. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು. ಕೂಡುವ ಲೆಕ್ಕ ಒಂದು ದಿನ ಬಂದರೆ ಮರುದಿನ ಇಲ್ಲ. ಮೂರನೇ ವರ್ಷ ಹೆಡ್‌ಮೇಷ್ಟ್ರು ತೀರ್ಮಾನ ಹೇಳಿದರು: ತನಿಖೆಯಲ್ಲಿ ಈ ಸಲವೂ ಅವಳು ಉತ್ತರ ಹೇಳದೆ ಹೋದರೆ ಶಾಲೆಯಿಂದ ಹೆಸರು ತೆಗೆಯುವುದು. ಅವರು ಕೆಟ್ಟವರಲ್ಲ. ಇನ್ಸ್‌ಪೆಕ್ಟರು ಪ್ರತಿ ವರ್ಷ ಅದೇ ಮಗುವನ್ನು ಅದೇ ತರಗತಿಯಲ್ಲಿ ಕಂಡರೆ ಅವರಿಗೂ ಉತ್ತರ ಕೊಡಬೇಕಾಗಿತ್ತು. ಸುಂಕಮ್ಮನ ತಂದೆಯೂ ಒಪ್ಪಿಬಿಟ್ಟಿದ್ದರು. ಇನ್ನೊಂದು ಎಮ್ಮೆ ಕೊಂಡಿದ್ದೇವೆ, ಕೆಂಚನಗುಡ್ಡದ ಕಡೆ ಹೊಳೆದಂಡೆಗೆ ಮೇಯಿಸಲು ಒಬ್ಬರು ಬೇಕೇ ಬೇಕು ಎಂದು ತೆಲುಗಿನಲ್ಲಿ ಹೇಳಿಹೋದರು. ಮೇಷ್ಟ್ರು ತನಿಖೆಯವರೆಗೆ ಸಮಯ ಕೇಳಿದರು. ಅಲ್ಲಿಂದ ಗೋಡೆಯಾಚೆಗೆ ದಿನವೂ ಕಾಲು ಅರೆಯ ಮಗ್ಗಿ ಕೇಳಿಸುತ್ತಿತ್ತು. ಒಂದು ಕಾಲು ಕಾಲು, ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು. ಎಲ್ಲ ಮಕ್ಕಳೂ ಸೇರಿ ರಾಗವಾಗಿ ಹೇಳುತ್ತಿದ್ದರು. ಸುಂಕಮ್ಮನ ದನಿ ಎಲ್ಲರಿಗಿಂತ ಜೋರು. ಮಗ್ಗಿಯಾದರೂ ಅವಳಿಗೆ ಹತ್ತಿತು ಎಂದು ನಾವಿಬ್ಬರೂ ನಂಬಿದೆವು.

ತನಿಖೆಯ ದಿನ ಇನ್ಸ್‌ಪೆಕ್ಟರು ಎರಡನೇ ತರಗತಿಗೆ ಬಂದದ್ದು ಊಟದ ನಂತರ. ಅವರು ಮಂಗಳೂರು ಕಡೆಯವರು. ಆಗ ಆ ಸೀಮೆಯೂ ನಮ್ಮದೂ ಒಂದೇ ಮದ್ರಾಸು ಪ್ರಾಂತ್ಯ. ಕನ್ನಡ ಚೆನ್ನಾಗಿ ಬಲ್ಲವರು, ತೆಲುಗು ಒಂದು ಮಾತೂ ತಿಳಿಯದವರು. ಇವತ್ತೊಂದು ದಿನ ಮಕ್ಕಳನ್ನು ತಿರುಗಿಸಬೇಡಿ ಎಂದು ಹೆಡ್‌ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರು. ಮೇಷ್ಟ್ರು ತಿರುಗಿಸಿದ್ದರು. ಹಾಗಾಗಿ ಇನ್ಸ್‌ಪೆಕ್ಟರ ಎದುರಿಗೇ ಸುಂಕಮ್ಮ ಕೂತಿದ್ದಳು.

"ಎದ್ದು ನಿಲ್ಲು ಮಗು. ನಾಲ್ಕು ಕಾಲು ಎಷ್ಟು?"

ಅವಳು ಎದ್ದು ನಿಂತು ಮೇಷ್ಟ್ರ ಕಡೆ ನೋಡಿದಳು. ಕಣ್ಣಿನಿಂದಲೂ ಹೇಳಿಕೊಡಬಾರದು ಎಂದು ಅವರು ನೆಲ ನೋಡಿದರು. ಗೋಡೆಯೀಚೆಯಿಂದ ನಾನು ಅವಳ ಮುಖವನ್ನು ಸರಿಯಾಗಿ ಕಂಡೆ. ತುಟಿ ಅಲ್ಲಾಡಲಿಲ್ಲ, ಮಗ್ಗಿಯ ರಾಗಕ್ಕೆ ಅಲ್ಲಾಡುತ್ತಿದ್ದ ತಲೆಯೂ ಅಲ್ಲಾಡಲಿಲ್ಲ. ಅವಳು ಯೋಚಿಸುತ್ತಿದ್ದಳು. ಆಮೇಲೆ ಮುಖ ಅರಳಿತು.

"ಒಂದು ಬರ್ರೆ" ಅಂದಳು.

ನಮ್ಮ ಸೀಮೆಗೆ ಬಂದ ದಿನದಿಂದ ಹೋದ ಹೋದ ಮನೆಯಲ್ಲಿ "ಬರ್ರಿ, ಬರ್ರಿ" ಎಂದು ಕೇಳಿ ಕೇಳಿ ಇನ್ಸ್‌ಪೆಕ್ಟರಿಗೆ ಆ ಪದ ಚೆನ್ನಾಗಿ ಪರಿಚಯವಾಗಿತ್ತು. ಅವರು ತುಂಬ ಸಂತೋಷಪಟ್ಟರು.

"ಒಂದು. ಸರಿಯಾಗಿ ಹೇಳಿದೆ. ಅಲ್ಲದೆ ಬನ್ನಿ ಎಂದು ಬೇರೆ ಕರೆಯುತ್ತಾಳೆ ನೋಡಿ. ಬಂದೇ ಇದ್ದೇನಲ್ಲಮ್ಮ." ಹೆಡ್‌ಮೇಷ್ಟ್ರ ಕಡೆ ತಿರುಗಿ, "ಇವಳನ್ನೇ ಅಲ್ಲವೇ ನೀವು ದಡ್ಡಿ ಎಂದದ್ದು?" ಅಂದರು.

ಹೆಡ್‌ಮೇಷ್ಟ್ರಿಗೆ ತೆಲುಗು ನಮಗಿಂತ ಚೆನ್ನಾಗಿ ಬರುತ್ತಿತ್ತು. ಅವರು ಒಮ್ಮೆ ಕೆಮ್ಮಿ, "ದೊಡ್ಡ ಮೇಷ್ಟ್ರು ಬಾಳ ಕಷ್ಟಪಟ್ಟಾರ ಸ್ವಾಮಿ" ಎಂದರು. ಹುಸೇನ್‌ಪೀರ ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಗುವನ್ನು ತಡೆದ. ನಾನು ಮೇಷ್ಟ್ರನ್ನು ನೋಡಿದೆ. ಅವರ ಬಾಯಿ ಮಾತಾಡಲು ತೆರೆಯಿತು. ಆಮೇಲೆ ಮುಚ್ಚಿತು. ಸುಂಕಮ್ಮ ಪಾಸು ಎಂದು ಇನ್ಸ್‌ಪೆಕ್ಟರು ಹೇಳಿ, ನನ್ನ ತರಗತಿಗೆ ಬಂದರು.

ಅವರು ಹೊರಟಾಗ ಹೆಡ್‌ಮೇಷ್ಟ್ರೂ ಉಳಿದ ಮೇಷ್ಟ್ರುಗಳೂ ಬಸ್ಸಿನವರೆಗೆ ಕಳಿಸಲು ಹೋದರು. ದೊಡ್ಡ ತರಗತಿಗಳ ಮಕ್ಕಳನ್ನು ಆಗಲೇ ಮನೆಗೆ ಬಿಟ್ಟಿದ್ದರು. ಜವಾನ ಇನ್ಸ್‌ಪೆಕ್ಟರ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡು ಹೋದ. ಶಾಲೆಯಲ್ಲಿ ಉಳಿದವರು ನಮ್ಮ ಎರಡು ತರಗತಿಯವರು ಮಾತ್ರ. ಗೋಡೆಯಾಚೆ ಮೇಷ್ಟ್ರು ಮೇಜನ್ನು ಹಿಡಿದು ಎದ್ದ ಸದ್ದು ಕೇಳಿ ನಾನು ಗೋಡೆಯ ಹತ್ತಿರ ಹೋದೆ. ಈ ಬರಹದ ಮೊದಲಲ್ಲಿ ಹೇಳಿದ ಜಾಗ ಅದು.

ಇವತ್ತು ಈ ಕ್ಲಾಸಿನಲ್ಲಿ ಒಂದು ತಪ್ಪು ನಡೆದಿದೆ, ಯಾರು ಮಾಡಿದ್ದು ಎಂದು ಅವರು ಮಕ್ಕಳನ್ನು ಕೇಳಿದರು. ಹುಸೇನ್‌ಪೀರ ಸುಂಕಮ್ಮನ ಕಡೆ ಬೆರಳು ತೋರಿಸಿದ.

"ಅಲ್ಲಲೇ" ಎಂದರು ಮೇಷ್ಟ್ರು. "ಎಮ್ಮಿಗೆ ಎಷ್ಟು ಕಾಲು?"

"ನಾಕು, ಅಯ್ಯೋರೆ."

"ನಾಕು ಕಾಲಿಗೆ ಎಷ್ಟು ಎಮ್ಮಿ?"

"ಒಂದು."

"ಮತ್ತ ಆಕಿ ಹೇಳಿದ್ದು ಸರಿ ಐತಿ. ಆದ್ರ ಸಾಹೇಬ್ರು ಕೇಳಿದ್ದು ಆ ಕಾಲಲ್ಲ, ಬ್ಯಾರೆ ಕಾಲು. ಅದು ಆಕಿಗೆ ಗೊತ್ತಿಲ್ಲ, ನಾ ಕಲಿಸಿಲ್ಲ. ಕಲಿಸೀನಿ ಅಂತ ತೋರಿಸಿ ಸುಮ್ಮನ ನಿಂತೆ. ಗೊತ್ತಿಲ್ಲದ್ದು ಗೊತ್ತೈತಿ ಅಂತ ತೋರಿಸಿದವ್ರು ಏನು ಮಾಡಬೇಕು?"

ಅವರು ಮೇಜನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ರುಮಾಲನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಎರಡೂ ಕಿವಿಗಳನ್ನು ಹಿಡಿದುಕೊಂಡರು.

ಅವರ ನಿಯಮದಂತೆ ಗಂಟೆ ಹೊಡೆಯುವವರೆಗೆ ನಿಲ್ಲಬೇಕು. ಗಂಟೆ ಹೊಡೆಯುವ ಜವಾನ ಟ್ರಂಕು ಹೊತ್ತುಕೊಂಡು ಹೋಗಿದ್ದಾನೆ. ಅಂಗಳದ ಬೇವಿನ ಮರದ ನೆರಳು ಬಾಗಿಲ ಮೆಟ್ಟಿಲಿಗೆ ಬಂದರೆ ನಮ್ಮ ಶಾಲೆ ಬಿಡುವ ಹೊತ್ತು. ನೆರಳು ಮೆಟ್ಟಿಲನ್ನು ದಾಟಿ ಒಳಗೆ ಬಂತು. ಅವರ ಎಡಗಾಲು ಮೊದಲು ಸ್ವಲ್ಪ ನಡುಗಿತು, ಆಮೇಲೆ ಕೋಟಿನ ಜೇಬಿನಲ್ಲಿ ಹುಣಸೆಬೀಜ ಸದ್ದು ಮಾಡತೊಡಗಿತು. ನನ್ನ ತರಗತಿಯ ಮಕ್ಕಳೂ ಬಂದು ಗೋಡೆಗೆ ಕೈಯಿಟ್ಟು ನಿಂತರು. ನಾನೂ ಕದಲಲಿಲ್ಲ. ಹೋಗಿ ಕೈ ಹಿಡಿದು ಕೂರಿಸಬೇಕೆಂದು ಅನ್ನಿಸಿತ್ತು. ಅದು ಅವರಿಗೆ ಅವಮಾನವಾಗುತ್ತದೆಂದೂ ಅನ್ನಿಸಿತ್ತು.

ಆಗ ಸುಂಕಮ್ಮ ಎದ್ದಳು. ಯಾರನ್ನೂ ಕೇಳಲಿಲ್ಲ. ಅಂಗಳಕ್ಕೆ ಇಳಿದು ಹೋದಳು. ಬೇವಿನ ಕೊಂಬೆಗೆ ರೈಲುಕಂಬಿಯ ತುಂಡೊಂದನ್ನು ಕಟ್ಟಿದ್ದರು, ಅದೇ ನಮ್ಮ ಗಂಟೆ. ಅದು ಅವಳ ಕೈಗೆ ಎಟುಕುವಂತಿರಲಿಲ್ಲ. ಕಲ್ಲು ಹಿಡಿದು ಹಾರಿ ಹಾರಿ ಹೊಡೆದಳು. ಒಂದು ಏಟು ಬಿದ್ದರೆ ಒಂದು ತಪ್ಪುತ್ತಿತ್ತು. ಮೇಷ್ಟ್ರು ಕಿವಿ ಬಿಟ್ಟು, ಮೇಜನ್ನು ಹಿಡಿದು ಕುರ್ಚಿಯಲ್ಲಿ ಕೂತರು. ಮಕ್ಕಳು ಎದ್ದು, ಎಂದಿನಂತೆ ಓಡದೆ, ನಡೆದುಕೊಂಡು ಮನೆಗೆ ಹೋದರು.

ಇನ್ಸ್‌ಪೆಕ್ಟರಿಗೆ ಹೇಳಬೇಕಾಗಿತ್ತೇ ಎಂದು ಆ ಸಂಜೆ ನಾನು ಅವರನ್ನು ಕೇಳಿದೆ. ಹೇಳಿದ್ದರೆ ಇವತ್ತೇ ಹೆಸರು ಹೋಗುತ್ತಿತ್ತು, ಅದಕ್ಕೇ ಹೇಳಲಿಲ್ಲ, ಆದರೆ ಹೇಳದೆ ಇದ್ದದ್ದು ಸರಿ ಎಂದು ನಿಮ್ಮಿಂದ ಅನ್ನಿಸಿಕೊಳ್ಳುವುದಕ್ಕೂ ಮನಸ್ಸಿಲ್ಲ ಎಂದರು. ಆಮೇಲೆ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ:

"ನೋಡ್ರಿ ಸಣ್ಣ ಮೇಷ್ಟ್ರೇ, ಮಗ್ಗ್ಯಾಗ ದಿನಾ ಒಂದು ಅಂತಿದ್ಲು. ಅದು ರಾಗ, ಆಕಿ ಮಾತಲ್ಲ. ಇವತ್ತು ಎಮ್ಮಿ ಅಂದ್ಲು. ಮೂರು ವರ್ಷದಾಗ ಆಕಿ ತಾನೇ ವಿಚಾರ ಮಾಡಿ ಹೇಳಿದ್ದು ಅದೊಂದೇ. ಅದಕ್ಕ ನಾ ಶಾಭಾಸ್ ಅನ್ನಬೇಕಿತ್ತು. ಸಾಹೇಬ್ರು ಬ್ಯಾರೆದಕ್ಕ ಅಂದುಬಿಟ್ರು."

ಮರುದಿನ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಅವರು ಸುಂಕಮ್ಮನ ಮನೆಗೆ ಹೋದರು. ಅಲ್ಲಿ ಆ ತಪ್ಪಿನ ಮನೆ ಸಿಕ್ಕಿತು. ಸೇರಿನ ನಾಲ್ಕರಲ್ಲಿ ಒಂದು ಭಾಗಕ್ಕೆ ಅವರ ಮನೆಯಲ್ಲಿ ಪಾವು ಅನ್ನುತ್ತಾರೆ. ಕಾಲು ಅಂದರೆ ಅವರಿಗೆ ನಡೆಯುವ ಕಾಲು ಮಾತ್ರ. ಮೂರು ಕಾಲು ಮುಕ್ಕಾಲು ಎಂದು ಹಾಡುತ್ತಿದ್ದ ಮಗುವಿಗೆ ಮೂರು ಕಾಲಿನ ಪ್ರಾಣಿ ಯಾವುದು ಎಂದು ಒಳಗೊಳಗೇ ಸಂಶಯವಿದ್ದಿರಬೇಕು. ಪಾವು ಎಂದ ಮೇಲೆ ಕಾಲು, ಅರೆ, ಮುಕ್ಕಾಲು ಬೇಗ ಬಂದವು.

ಉಳಿದದ್ದು ಬೇಗ ಬರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಸುಂಕಮ್ಮ ಮೂರನೇ ತರಗತಿಗೆ, ಅಂದರೆ ನನ್ನಲ್ಲಿಗೆ ಬಂದಳು. ವರ್ಷವಿಡೀ ಮಧ್ಯಾಹ್ನ ಉಂಡ ತಕ್ಷಣ ಮೇಷ್ಟ್ರು ಗೋಡೆ ಸುತ್ತಿ ನನ್ನ ತರಗತಿಗೆ ಬಂದು ಅವಳ ಪಕ್ಕ ಕೂಡುತ್ತಿದ್ದರು. ಕಳೆಯುವ ಲೆಕ್ಕಕ್ಕೆ ಮಳೆಗಾಲ ಪೂರ್ತಿ ಹಿಡಿಯಿತು. ಒತ್ತಕ್ಷರಕ್ಕೆ ಅದಕ್ಕಿಂತ ಹೆಚ್ಚು. ಅವಳು ಐದನೇ ತರಗತಿಯವರೆಗೆ ಓದಿದಳು. ಎಮ್ಮೆಯನ್ನು ಅವಳ ತಂದೆಯೇ ಮೇಯಿಸಿಕೊಂಡರು.

ಮೇಷ್ಟ್ರಿಗೆ ಆಮೇಲೆ ಕುರುಗೋಡಿಗೆ ವರ್ಗವಾಯಿತು. ಬಳ್ಳಾರಿ ಮೈಸೂರಿಗೆ ಸೇರುವುದಕ್ಕೆ ಒಂದೆರಡು ವರ್ಷ ಮೊದಲು ನಾನು ಅಲ್ಲಿಗೆ ಹೋಗಿದ್ದೆ. ಗುಡ್ಡದ ಕೆಳಗಿನ ಶಾಲೆ. ಹಿಂದಿನ ಗೋಡೆಗೆ ಕಪ್ಪು ಬಳಿದಿದ್ದರು. ನಾನು ಬಾಗಿಲಲ್ಲಿರುವಾಗಲೇ ಒಳಗೆ "ತಿರುಗ್ರಲೇ" ಎಂಬ ಕೂಗು, ಮಕ್ಕಳು ಒಟ್ಟಿಗೆ ತಿರುಗಿದ ಸದ್ದು ಕೇಳಿತು. ನಾನು ಹೊರಗೇ ಸ್ವಲ್ಪ ಹೊತ್ತು ನಿಂತುಕೊಂಡೆ. ಅಲ್ಲಿ ಒಬ್ಬ ಹುಡುಗ ಯಾವಾಗಲೂ ಹಿಂದಿನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದನಂತೆ. ಅವನ ಒಂದು ಕಿವಿ ಕೇಳುವುದಿಲ್ಲ, ಪಕ್ಕದವನ ಬಾಯಿ ನೋಡಿ ಹೇಳುತ್ತಿದ್ದಾನೆ ಎಂದು ಕಂಡುಹಿಡಿದು ತಮ್ಮ ಕುರ್ಚಿಯ ಪಕ್ಕಕ್ಕೇ ಕೂರಿಸಿಕೊಂಡಿದ್ದರು. ಇನ್ನೊಬ್ಬ ಹುಡುಗನನ್ನು ತೋರಿಸಿ, ಇವನಿಗೆ ಎರಡು ವರ್ಷದಿಂದ ಅಕ್ಷರ ನಿಲ್ಲುತ್ತಿಲ್ಲ, ಇವನ ತಪ್ಪಿನ ಮನೆ ನನಗೆ ಇನ್ನೂ ಸಿಕ್ಕಿಲ್ಲ ಎಂದರು. ಸಿಕ್ಕಿತೇ ಎಂದು ಆಮೇಲೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಿರುಗುಪ್ಪದ 'ಆ ಸಂಜೆ'ಯನ್ನು ಕಂಡವರಲ್ಲಿ ಹೆಡ್‌ಮೇಷ್ಟ್ರನ್ನು ಸೇರಿಸುವಂತಿಲ್ಲ. ಅವರು ಬಸ್ಸಿನ ಹತ್ತಿರ ಇದ್ದರು, ಈಗ ಇಲ್ಲ. ಜವಾನನೂ ಕಾಣಲಿಲ್ಲ. ಎರಡೂ ತರಗತಿಗಳ ಮಕ್ಕಳು ಊರೂರಿಗೆ ಚದುರಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಕಂಡವರಲ್ಲಿ ಈಗ ಬದುಕಿದ್ದಾರೆಂದು ನನಗೆ ಖಚಿತವಾಗಿ ಗೊತ್ತಿರುವವರು ಮೂವರು. ಒಬ್ಬ ನಾನು. ಇನ್ನೊಬ್ಬ ಹುಸೇನ್‌ಪೀರ, ಸಿರುಗುಪ್ಪದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಬರ್ರೆಯ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಾನೆ, ಮೇಷ್ಟ್ರು ಕಿವಿ ಹಿಡಿದ ಮಾತು ಬಂದಾಗ ಪಂಪು ಕೈಗೆ ತೆಗೆದುಕೊಂಡು ಗಾಳಿ ಹೊಡೆಯಲು ಶುರುಮಾಡುತ್ತಾನೆ.

ಮೂರನೆಯವಳು ಸುಂಕಮ್ಮ. ಕೊಳಗಲ್ಲಿಗೆ ಮದುವೆಯಾಗಿ ಬಂದವಳು, ಬಳ್ಳಾರಿಯ ಮನೆಗಳಿಗೆ ಹಾಲು ಕೊಡುತ್ತಾಳೆ. ಸತ್ಯನಾರಾಯಣಪೇಟೆಗೆ ಮಣ್ಣಿಗೆ ಬಂದಿದ್ದಳು, ಹಾಲಿನ ಕ್ಯಾನು ಕೈಯಲ್ಲೇ ಇತ್ತು. ಅವತ್ತು ಗಂಟೆ ಹೊಡೆಯಬೇಕೆಂದು ನಿನಗೆ ಹೇಗೆ ತೋಚಿತು ಎಂದು ನಾನು ಮೊದಲ ಸಲ ಕೇಳಿದೆ. ಅವಳು ಯೋಚಿಸಿ ಹೇಳಿದಳು. ಅವಳು ಈಗಲೂ ಯೋಚಿಸಿಯೇ ಹೇಳುತ್ತಾಳೆ.

"ಅಯ್ಯೋರ ಕಾಲು ನೋಯ್ತಿತ್ತಲ್ರಿ. ಗಂಟಿ ಆದ್ರ ಕುಂದರ್ತಾರ ಅಂತ ಹೊಡದೆ."